ಟ್ರಿಲಿಯಂ ಹೂಗಳಿಗೆ ಬಂದ ಕೆಂಪು ರೋಗ

ವೆಸ್ಟ್‌ಮಂಟ್‌ನ ಪ್ರಭಾವತಿಯವರ ಕೈಯಲ್ಲಿ ಪೂಜೆ ಮಾಡಿಸಿಕೊಳ್ಳದೆ ತಪ್ಪಿಸಿಕೊಂಡ ಯಂತ್ರ ಭೂಮಿಯ ಮೇಲಿಲ್ಲ. ಡೆಟ್ರಾಯ್ಟ್ ಪಕ್ಕದ ವಾರೆನ್‌ನಲ್ಲಿ ಮೂವತ್ತು ವರ್ಷ ಕಾರಿನ ಬಾಗಿಲುಗಳ ನಕ್ಷೆ ಬರೆಯುತ್ತಿದ್ದಾಗ ಆಯುಧಪೂಜೆಗೆಂದು ಅವರು ಹಚ್ಚಿದ ಕುಂಕುಮವನ್ನೆಲ್ಲ ಸುರಿದಿದ್ದರೆ ಮಿಶಿಗನ್ ಸರೋವರ ಇವತ್ತಿಗೂ ಕೆಂಪಾಗಿರುತ್ತಿತ್ತು.

ನಿವೃತ್ತಿಯಾಗಿ ಸರೋವರದಾಚೆಯ ರಾಜ್ಯಕ್ಕೆ, ವೆಸ್ಟ್‌ಮಂಟ್‌ಗೆ ಬಂದ ಮೇಲೆ ಒಂದು ಸಸ್ಯಸಂಗ್ರಹಾಲಯದಲ್ಲಿ ಸಂಬಳವಿಲ್ಲದ ಕೆಲಸ. ನೂರಿಪ್ಪತ್ತು ವರ್ಷದ ಹಿಂದೆ ಕಾಡಿನಿಂದ ಕಿತ್ತು, ಒಣಗಿಸಿ, ಹಾಳೆಗೆ ಅಂಟಿಸಿಟ್ಟ ಟ್ರಿಲಿಯಂ ಹೂಗಳನ್ನು ಸ್ಕ್ಯಾನ್ ಮಾಡುವುದು. ಮೂರು ಎಲೆ, ಮೂರು ಎಸಳು, ಥೇಟ್ ಬಿಲ್ವಪತ್ರೆ! ಸ್ಕ್ಯಾನರಿನ ಮುಂದಿನ ಆ ಕುರ್ಚಿಯನ್ನು ಬಿಡು ಎಂದರೆ ಅವರು ಉಸಿರು ಬಿಟ್ಟಾರು, ಕುರ್ಚಿ ಬಿಡರು.

ಈ ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಸ್ಕ್ಯಾನರಿಗೆ ಹಣೆ ಯಾವುದು? ಪ್ರಭಾವತಿ ನಾಲ್ಕು ಸುತ್ತು ಹಾಕಿ ನೋಡಿ, ಗಾಜಿನ ನಟ್ಟನಡುವೆ ಕಲಸಿದ ಕುಂಕುಮದ ಬೊಟ್ಟಿಟ್ಟರು. ಅದು ಒಣಗಿದ ಮೇಲೆ ಭಕ್ತಿಯಿಂದ ನಲವತ್ತು ಹಾಳೆ ಮುಗಿಸಿದರು.

ಮರುವಾರ ಆ ಚಿತ್ರಗಳನ್ನು ನೋಡಿ ಡೆಟ್ರಾಯ್ಟ್ ಕಡೆಯ ಸಂಶೋಧಕ ಕಲೀಮ್ ಫೋನ್ ಮಾಡಿದ. ಅವನ ವಿಜಯಪುರದ ಮಾತು ಸ್ಪೀಕರಿನಲ್ಲಿ ಕುಣಿಯಿತು.

"ದಿಯಾ ಮೇಡಂ, ನಲವತ್ತೂ ಹೂವಿಗೆ ಕೆಂಪು ಚುಕ್ಕಿ! ಹೊಸಾ ರೋಗ ಐತ್ರೀ! ನಾಳೆ ಮೀಟಿಂಗ್‌ನ್ಯಾಗ ಸಾರಾಂವ ಅದೀನಿ!"

ಸಂಗ್ರಹದ ಉಸ್ತುವಾರಿ ದಿಯಾ, ಇಲ್ಲೇ ಹುಟ್ಟಿ ಬೆಳೆದವಳು, ಕಣ್ಣರಳಿಸಿದಳು. ಪಕ್ಕದಲ್ಲಿದ್ದ ಪ್ರಭಾವತಿಯವರ ಕಣ್ಣು ಗಾಜಿನ ಮೇಲಿನ ಬೊಟ್ಟಿಗೆ ಹೋಯಿತು. ಹೇಳಿದರೆ ಕುರ್ಚಿ ಹೋಗುತ್ತದೆ. ಹೇಳದಿದ್ದರೆ ಈ ಹುಡುಗನ ಮಾನ. ಅಯ್ಯೋ, ಬೊಟ್ಟು ಹೂವಿಗೇ ಮೆತ್ತಿಕೊಂಡಿದ್ದರೆ?

"ರೋಗ ಅಲ್ಲಪ್ಪಾ, ಕುಂಕುಮ. ನಾನೇ ಇಟ್ಟಿದ್ದು."

"ಆಂಟೀ! ವಾಟ್?" ಎಂದು ದಿಯಾ ಕಪಾಟಿಗೆ ಓಡಿದಳು. ಒಂದೊಂದೇ ಹಾಳೆ ತೆಗೆದು ಭೂತಗನ್ನಡಿ ಹಿಡಿದಳು. ಅಷ್ಟು ಹೊತ್ತು ಪ್ರಭಾವತಿ ಮೂವತ್ಮೂರು ಕೋಟಿ ದೇವರನ್ನೂ ಹೆಸರು ಹಿಡಿದು ಕರೆದರು. ಯಾವ ಹೂವಿಗೂ ಕಲೆಯಿಲ್ಲ! ಗಾಜಿನ ಮೇಲೆ ಮಾತ್ರ ಬೊಟ್ಟು ಮದುವಣಗಿತ್ತಿಯ ಹಣೆಯಲ್ಲಿದ್ದಂತೆ ಕೂತಿತ್ತು.

ಫೋನಿನಲ್ಲಿ ಕಲೀಮ್ ನಕ್ಕ ರಭಸಕ್ಕೆ ಎರಡು ರಾಜ್ಯಗಳ ಕಿಟಕಿ ಅದುರಿದವು. "ಆಂಟೀ, ಊರ ಮಂದಿ ಮುಂದ ಮಂಗ್ಯಾ ಆಗೂದು ತಪ್ಪಿಸಿದ್ರಿ! ಇವರನ್ನ ಬಿಡಬ್ಯಾಡ್ರಿ ದಿಯಾ ಮೇಡಂ, ತಪ್ಪು ಒಪ್ಪಕೊಳ್ಳೋ ಮಂದಿ ಸಿಗೂದಿಲ್ಲ."

ದಿಯಾ ಮುಖ ಬಿಗಿ ಮಾಡಲು ನೋಡಿ ಸೋತಳು. "ಓಕೆ ಆಂಟಿ. ಪೂಜೆ ಔಟ್‌ಸೈಡ್ ಓನ್ಲಿ, ಗ್ಲಾಸ್ ಮೇಲೆ ನೋ. ನಲವತ್ತೂ ಮತ್ತೆ ಸ್ಕ್ಯಾನ್ ಮಾಡ್ಬೇಕು, ನೀವೇ. ಅದೇ ಪನಿಷ್‌ಮೆಂಟ್."

ಪ್ರಭಾವತಿ ಆಗಲೇ ಗಾಜು ಒರೆಸುತ್ತಿದ್ದರು.

"ಬರೀ ನಲವತ್ತಾ? ಇನ್ನೊಂದಿಷ್ಟು ಶಿಕ್ಷೆ ಹಾಕಮ್ಮ!"