ಮೇಲ್ವಿಚಾರಕಿ ಅಮ್ಮನ ಬಾಚಣಿಗೆ

ಎಪ್ಪತ್ತರ ದಶಕದಲ್ಲಿ ನಾನು ಬೆಳೆದದ್ದು ಹಿರಿಯೂರಿನ ಅನಾಥ ಹೆಣ್ಣುಮಕ್ಕಳ ನಿಲಯದಲ್ಲಿ. ನಾವು ಹುಡುಗಿಯರು ಜಗಳವಾಡಿದರೆ ಅಲ್ಲಿನ ಮೇಲ್ವಿಚಾರಕಿ ಅಮ್ಮ ತಪ್ಪು ಯಾರದೆಂದು ಕೇಳುತ್ತಿರಲಿಲ್ಲ. ಬಾಚಣಿಗೆ ಕೊಟ್ಟು, "ಒಬ್ರಿಗೊಬ್ರು ಜಡೆ ಹಾಕ್ಕಂಡು ಬರ್ರೇ, ಆಮೇಲೆ ಮಾತು" ಅನ್ನುತ್ತಿದ್ದರು. ಸಿಟ್ಟಿನಲ್ಲಿ ಕೂದಲೆಳೆದವರೂ ಜಡೆ ಮುಗಿಯುವಷ್ಟರಲ್ಲಿ ಕಿಸಕ್ಕನೆ ನಗುತ್ತಿದ್ದರು.

ಒಮ್ಮೆ ಕೊಬ್ಬರಿ ಎಣ್ಣೆ ಕದ್ದೆನೆಂದು ಅಮ್ಮ ಎಲ್ಲರೆದುರು ನನ್ನನ್ನು ಬೈದರು. ಸಂಜೆ ಎಣ್ಣೆಯ ಸೀಸೆ ಅವರ ಟ್ರಂಕಿನ ಹಿಂದೆಯೇ ಸಿಕ್ಕಿತು. ನಾನು ಅವರೊಂದಿಗೆ ಮಾತು ಬಿಟ್ಟೆ.

ಮರುದಿನ ಬೆಳಿಗ್ಗೆ ಅಷ್ಟೂ ಹುಡುಗಿಯರು ನೋಡುತ್ತಿರುವಾಗ ಅಮ್ಮ ಬಂದು, ತುರುಬು ಬಿಚ್ಚಿ, ನನ್ನ ಮುಂದೆ ಬೆನ್ನು ತಿರುಗಿಸಿ ನೆಲದ ಮೇಲೆ ಕುಳಿತರು. ಬಾಚಣಿಗೆಯನ್ನು ಹಿಂದಕ್ಕೆ ಚಾಚಿ, "ಜೋರಾಗಿ ಎಳೀಬ್ಯಾಡ ಕಣೇ, ಇರಾದೇ ನಾಕು ಕೂದ್ಲು" ಅಂದರು.

ಆ ನಾಲ್ಕು ಕೂದಲನ್ನು ನಾನು ಬಹಳ ಹೊತ್ತು ಬಾಚಿದೆ.