ಅಕ್ಕನ ಸಂಬಂಧವೂ ಪಿಕಪ್ಪಿನ ಗಿಡ್ಡ ಲಿವರೂ

ನಾಲ್ಕು ಚಕ್ರಕ್ಕೂ ಇಂಜಿನ್ನಿನ ಬಲ ಹೋಗುವ ಗಾಡಿ ಇಟ್ಟುಕೊಂಡವನಿಗೆ ಒಂದು ತಾಪತ್ರಯ ಇದೆ. ಆ ಬಲ ನಿಜವಾಗಿಯೂ ನಾಲ್ಕಕ್ಕೂ ಹೋಗುತ್ತಿದೆಯೋ ಇಲ್ಲವೋ ಎಂಬುದು ಡಾಮರು ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಕೆಸರಿನಲ್ಲಿ ಹೂತಾಗ ಗೊತ್ತಾಗುತ್ತದೆ. ಹೋಗುತ್ತಿಲ್ಲ ಎಂದು ಗೊತ್ತಾದರೆ ಆ ತಿಳಿವಳಿಕೆಯನ್ನು ಇಟ್ಟುಕೊಂಡು ಅಲ್ಲೇ ಕೂತಿರಬೇಕು. ಬೀಗ ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ಬಾಗಿಲು ಜಗ್ಗಿ ನೋಡುವ ನನ್ನಂಥವನು ಕೊಳ್ಳಬಾರದ ಗಾಡಿ ಅದು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನದನ್ನು ಕೊಂಡೆ. ಕುಟುಂಬದ ಗದ್ದೆಗಳು ಭೂಸುಧಾರಣೆಯಲ್ಲಿ ಒಕ್ಕಲುಗಳಿಗೆ ಹೋದ ಮೇಲೆ ಉರ್ವದಲ್ಲಿ ಹಂಚಿನ ವ್ಯಾಪಾರ ಶುರು ಮಾಡಿದ್ದೆ. ಕಾರ್ಖಾನೆಯಿಂದ ಹಂಚು ತಂದು ಮನೆ ಕಟ್ಟುವವರಿಗೆ ಮುಟ್ಟಿಸುವುದು. ಮಂಗಳೂರಿನಲ್ಲಿ ಮನೆ ಕಟ್ಟುವವರು ಯಾಕೋ ಗುಡ್ಡೆಯ ನೆತ್ತಿಯನ್ನೇ ಹುಡುಕಿ ಕಟ್ಟುತ್ತಾರೆ. ಎತ್ತಿನ ಗಾಡಿಯವರು ಕೈಮುಗಿದಿದ್ದರು. ಆಗ ಬಂದರಿನಲ್ಲಿ ಅಕ್ಕಿಯ ಗೋಡೌನು ಇಟ್ಟಿದ್ದ ನನ್ನ ಬ್ಯಾರಿ ಸ್ನೇಹಿತ ಒಂದು ಹಳೆಯ ಪಿಕಪ್ಪು ಮಾರಲಿದ್ದ. ಮಿಲಿಟರಿಯ ಹರಾಜಿನಿಂದ ಬಂದದ್ದು. ನಾವಿಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು. ಅವನು ನನ್ನನ್ನು ಆಗಿನಿಂದಲೂ ‘ದಣಿ’ ಎಂದೇ ಕರೆಯುವುದು. ಭೂಮಿ ಹೋದ ಮೇಲೆ ಸ್ವಲ್ಪ ಜೋರಾಗಿ ಕರೆಯತೊಡಗಿದ್ದ.

ಗೇರಿನ ಪಕ್ಕದಲ್ಲಿ ನೆಲದಿಂದ ಎದ್ದ ಎರಡು ಗಿಡ್ಡ ಲಿವರುಗಳಿದ್ದವು. ಒಂದು ನಿಧಾನದ ಗೇರಿಗೆ. ಇನ್ನೊಂದನ್ನು ಹಿಂದಕ್ಕೆ ಎಳೆದರೆ ಮುಂದಿನ ಚಕ್ರಗಳೂ ದುಡಿಯಲು ಶುರು ಮಾಡುತ್ತವೆ. ಎಳೆದರೆ ಎಂದೆ, ಮೊದಲ ಮಳೆಗಾಲದಲ್ಲಿ ಅದು ಬರಲೇ ಇಲ್ಲ. ಅಡಿಗೆ ನುಸುಳಿ ನೋಡಿದೆ. ಲಿವರಿನಿಂದ ಗೇರು ಪೆಟ್ಟಿಗೆಗೆ ಹೋಗುವ ಸರಳಿಗೆ ಕೆಂಪು ಮಣ್ಣು ಮೆತ್ತಿ, ಒಣಗಿ, ಒಳ್ಳೆಯ ಗೋಡೆಯಂತಾಗಿತ್ತು. ಕೆರೆದೆ, ಸೀಮೆಎಣ್ಣೆಯಲ್ಲಿ ತೊಳೆದೆ, ಸವೆದ ಪಿನ್ನು ಬದಲಿಸಿ ಗ್ರೀಸು ಹಾಕಿದೆ. ಆಮೇಲೆ ಲಿವರು ಎಷ್ಟು ಸಲೀಸಾಗಿ ಬಂತೆಂದರೆ ಅದರ ಮೇಲೆ ನನಗೆ ಅನುಮಾನ ಹುಟ್ಟಿತು. ಅನುಮಾನಕ್ಕೂ ಒಂದು ಪರೀಕ್ಷೆಯಿದೆ. ಲಿವರು ಎಳೆದು, ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿ, ಮುಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿ ಕೈಯಿಂದ ತಿರುಗಿಸಬೇಕು. ತಿರುಗದಿದ್ದರೆ ಸರಿ, ಗುಂಯ್ಯೆಂದು ತಿರುಗಿದರೆ ಕೆಟ್ಟಿದೆ. ನಾನು ಪ್ರತಿ ಭಾನುವಾರ ಎತ್ತಿ ನೋಡುತ್ತಿದ್ದೆ. ಚಕ್ರ ಪ್ರತಿ ಭಾನುವಾರವೂ ತಿರುಗುತ್ತಿರಲಿಲ್ಲ.

“ದೇವರ ಕೋಣೆಯಲ್ಲಿ ಇಷ್ಟು ಹೊತ್ತು ಕೂತಿದ್ರೆ ಮೋಕ್ಷವಾದ್ರೂ ಸಿಗ್ತಿತ್ತು ನಿಮಗೆ” ಎಂದಳು ನನ್ನ ಹೆಂಡತಿ.

ಮರುವರ್ಷ ರೋಗ ತಿರುವು ಪಡೆಯಿತು. ಎಳೆದರೆ ಲಿವರು ಗೇರಿಗೆ ಬೀಳುತ್ತದೆ, ಆದರೆ ವಾಪಸು ಬರುವುದಿಲ್ಲ. ಬಂದರಿಗೆ ಹೋಗಿ ಸ್ನೇಹಿತನ ಮುಂದೆ ಕೂತೆ. ಅವನು ಅಕ್ಕಿ ಮೂಟೆಯ ಮೇಲಿಂದಲೇ ಕೇಳಿದ.

“ಟಯರು ಹೊಸತು ಹಾಕಿದೆಯಾ ದಣಿ?”

“ಹಿಂದಿನದ್ದಕ್ಕೆ ಮಾತ್ರ. ಭಾರ ಬೀಳುವುದು ಹಿಂದೆ ಅಲ್ವಾ?”

“ಅಂದ್ರೆ ಹಿಂದಿನವರ ಹೆಜ್ಜೆ ದೊಡ್ಡದು, ಮುಂದಿನವರದ್ದು ಸಣ್ಣದು. ಒಂದೇ ನೊಗಕ್ಕೆ ಕಟ್ಟಿದ್ರೆ ಎಂತ ಆಗ್ತದೆ?”

“ಜಗಳ.”

“ಅದೇ. ಕೆಸರಾದ್ರೆ ಚಕ್ರ ಒಂಚೂರು ಜಾರಿ ಜಗಳ ಮುಗೀತದೆ. ಡಾಮರಲ್ಲಿ ಜಾರ್ಲಿಕ್ಕೆ ಜಾಗ ಎಲ್ಲುಂಟು? ಒಳಗೆ ಹಲ್ಲು ಕಚ್ಚಿ ಹಿಡೀತದೆ.”

“ಬಿಡಿಸುದು ಹೇಗೆ?”

“ಸ್ವಲ್ಪ ರಿವರ್ಸ್ ಹೋಗು, ತಾನಾಗಿ ಬಿಡ್ತದೆ. ಮತ್ತೆ ಡಾಮರಲ್ಲಿ ಅದನ್ನು ಹಾಕ್ಲೇಬೇಡ. ಕೆಸರು ಕಂಡ ಮೇಲೆ ಹಾಕು.”

“ಕೆಸರು ಕಂಡ ಮೇಲೆ ಬೀಳದಿದ್ರೆ?”

ಅವನು ಮೂಟೆಯಿಂದ ಕೆಳಗಿಳಿದ. “ನಿನ್ನ ಹೆಂಡತಿಗೆ ನನ್ನದೊಂದು ಸಲಾಂ ಹೇಳು ಮಾರಾಯ” ಎಂದ.

ಅದೇ ಮಳೆಗಾಲದಲ್ಲಿ ಅಕ್ಕನಿಗೆ ಒಂದು ಸಂಬಂಧ ಬಂತು.

ಅಕ್ಕ ಬ್ಯಾಂಕಿನಲ್ಲಿದ್ದಳು. ಅವಳಿಗಿಂತ ಮೊದಲು ತಮ್ಮನಾದ ನನ್ನ ಮದುವೆ ಆಗಿಹೋಗಿತ್ತು. ಇದು ನಮ್ಮ ಸೋದರಮಾವನಿಗೆ ಕೊನೆಯವರೆಗೂ ಜೀರ್ಣವಾಗದ ಸಂಗತಿ. ನಮ್ಮಲ್ಲಿ ಮನೆಯ ಹಿರಿತನ ಮಾವನದ್ದು. ಹೆಣ್ಣಿನ ವಿಷಯದಲ್ಲಿ ಅವರು ಬಾಯಿಬಿಟ್ಟು ಹೇಳಿದರೆ ಮಾತ್ರ ಮಾತು. ಹಿಂದೆ ಒಂದು ಸಂಬಂಧ ಬಹುತೇಕ ಕುದುರಿತ್ತು. ಮಾತುಕತೆಗೆ ಹೊರಟ ಮಾವ ಗೇಟಿನ ತನಕ ಹೋಗಿ, ಅಡಿಕೆ ಮರೆತದ್ದು ನೆನಪಾಗಿ ವಾಪಸು ಬಂದರು. ಆ ಸಂಬಂಧ ಮುರಿಯಿತು. ಹುಡುಗ ಬೊಂಬಾಯಿಯಲ್ಲಿ ಬೇರೆ ಹುಡುಗಿಯನ್ನು ಇಷ್ಟಪಟ್ಟದ್ದು ಕಾರಣ ಎಂದು ನಾವು ತಿಳಿದಿದ್ದೆವು. ಅಡಿಕೆ ಕಾರಣ ಎಂದು ಮಾವನಿಗೆ ಗೊತ್ತಿತ್ತು.

ಈಗಿನ ಹುಡುಗನೂ ಬ್ಯಾಂಕಿನವನೇ. ಮನೆ ಮರೋಳಿಯ ಆಚೆ ಗುಡ್ಡೆಯ ಮೇಲೆ. ಅವನ ತಾಯಿ ಹಾಸಿಗೆ ಹಿಡಿದಿದ್ದರಿಂದ ಪದ್ಧತಿಯನ್ನು ತುಸು ಮುರಿದು ಹುಡುಗಿಯನ್ನೇ ಅಲ್ಲಿಗೆ ಕರೆತನ್ನಿ ಎಂದಿದ್ದರು. ತುಳುವರ ಆಷಾಢವಾದ ಆಟಿ ತಿಂಗಳಲ್ಲಿ ಇಂಥ ಮಾತು ಎತ್ತುವ ಹಾಗಿಲ್ಲ. ಆಟಿ ಮುಗಿದ ಕೂಡಲೇ ಒಂದು ದಿನ ಗೊತ್ತಾಯಿತು. ಮಳೆ ಮಾತ್ರ ಮುಗಿದಿರಲಿಲ್ಲ. ಬಾಡಿಗೆ ಕಾರಿನವರು ಆ ಗುಡ್ಡೆಯ ಹೆಸರು ಹೇಳಿದೊಡನೆ ಬೇರೆ ಬಾಡಿಗೆ ಉಂಟು ಎನ್ನುತ್ತಿದ್ದರು. ಮಾವನ ಮೊಣಕಾಲಿಗೆ ಏರು ಹತ್ತುವುದು ಆಗದು. ಉಳಿದದ್ದು ನನ್ನ ಪಿಕಪ್ಪು.

ಹಿಂದಿನ ದಿನ ಸಂಜೆ ನಾನು ಗಾಡಿಯ ಅಡಿಯಲ್ಲಿ ಮಲಗಿದ್ದಾಗ ಅಕ್ಕ ಬಂದು ಹೊರಗೆ ಚಾಚಿದ್ದ ನನ್ನ ಕಾಲುಗಳ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

“ಇದು ಗುಡ್ಡೆ ಹತ್ತುತ್ತದಾ?”

“ಹತ್ತುತ್ತದೆ ಅಂತ ಕಾಣ್ತದೆ.”

“ಕಾಣುದು ಬೇಡ. ನನಗೆ ಇದು ಬೇಕು.”

“ಗಾಡಿಯಾ?”

“ಅಲ್ಲ” ಎಂದು ಎದ್ದು ಹೋದಳು.

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಗುಡ್ಡೆಯ ಬುಡದಲ್ಲಿ ಲಿವರು ಎಳೆಯುತ್ತೇನೆ, ಅದು ಬೀಳುವುದಿಲ್ಲ, ಹಿಂದಿನ ಚಕ್ರ ತಿರುಗುತ್ತ ತಿರುಗುತ್ತ ಅಕ್ಕನ ಬಾಳು ಆ ಗುಂಡಿಯಲ್ಲೇ ನಿಲ್ಲುತ್ತದೆ. ಬೆಳಿಗ್ಗೆಯ ಹೊತ್ತಿಗೆ ಒಂದು ಉಪಾಯ ಹೊಳೆದಿತ್ತು. ಬೇಕಾದಾಗ ಬೀಳದಿದ್ದರೆ ತಾನೇ ತೊಂದರೆ? ಬೇಡದಾಗಲೇ ಹಾಕಿಬಿಟ್ಟರೆ? ಉರ್ವದ ಅಂಗಳದಲ್ಲೇ ಲಿವರು ಎಳೆದೆ. ಮೊದಲ ಏಟಿಗೇ ಕಟ್ಟೆಂದು ಕೂತಿತು. ಸ್ನೇಹಿತ ಹೇಳಿದ್ದು ನೆನಪಿರಲಿಲ್ಲ ಎಂದಲ್ಲ. ಅವನು ನನ್ನಷ್ಟು ಯೋಚನೆ ಮಾಡಿದವನಲ್ಲ ಎಂದು ತೀರ್ಮಾನಿಸಿದ್ದೆ.

ಮುಂದೆ ಮೂವರು: ಸ್ಟೇರಿಂಗಿನಲ್ಲಿ ನಾನು, ಬಾಗಿಲ ಬದಿಗೆ ಕೊಡೆ ಹಿಡಿದ ಮಾವ, ನಡುವೆ ರೇಷ್ಮೆ ಸೀರೆಯುಟ್ಟ ಅಕ್ಕ. ಅವಳ ಮಡಿಲಲ್ಲಿ ಹಣ್ಣು, ವೀಳ್ಯದೆಲೆ, ಅಡಿಕೆ ಇಟ್ಟ ಹರಿವಾಣ. ಅಡಿಕೆಯನ್ನು ಮಾವ ಸ್ವತಃ ಮುಟ್ಟಿ ನೋಡಿದ್ದರು. ಲಿವರುಗಳು ಅಕ್ಕನ ಮೊಣಕಾಲಿಗೆ ತಾಗುತ್ತಿದ್ದವು.

ಲಾಲ್‌ಬಾಗಿನವರೆಗೆ ಏನೂ ಇಲ್ಲ. ಹಂಪನಕಟ್ಟೆಯಲ್ಲಿ ಸ್ಟೇರಿಂಗು ಬಿಗಿಯಿತು. ತಿರುವಿನಲ್ಲಿ ಗಾಡಿ ಕುಂಟಿದಂತೆ ಹಾರಿ ಹಾರಿ ಹೋಯಿತು. ಫಳ್ನೀರಿನ ಏರಿನಲ್ಲಿ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದಂತಾಗಿ ಇಂಜಿನ್ನು ಉಸಿರು ಬಿಟ್ಟು ನಿಂತಿತು. ಲಿವರನ್ನು ಮುಂದಕ್ಕೆ ತಳ್ಳಿದೆ. ಅಲುಗಲಿಲ್ಲ. ಪಾದದಿಂದ ತಳ್ಳಿದೆ. ಹಿಂದೆ ಒಂದು ಸಿಟಿ ಬಸ್ಸು ಬಂದು ನಿಂತು ಹಾರನ್ನು ಹಾಕಿತು.

“ಮಾವ, ಸ್ವಲ್ಪ ಹಿಂದೆ ತೆಗೀಬೇಕು” ಎಂದೆ.

“ಎಂತಕ್ಕೆ?”

“ರಿವರ್ಸ್ ಹೋದ್ರೆ ಮಾತ್ರ ಇದು ಬಿಡುದು.”

“ಒಳ್ಳೆ ಕೆಲಸಕ್ಕೆ ಹೊರಟವರು ಹಿಂದೆ ಹೋಗುದುಂಟಾ?”

“ನಾಲ್ಕು ಮಾರು ಅಷ್ಟೆ ಮಾವ.”

“ಆವತ್ತು ಅಡಿಕೆಗೆ ಹೋದದ್ದು ಎಷ್ಟು ದೂರ? ಗೇಟಿನಿಂದ ಅಡುಗೆ ಕೋಣೆಗೆ. ಎಂತ ಆಯ್ತು?”

ಬಸ್ಸಿನ ಕಂಡಕ್ಟರು ಇಳಿದು ಬಂದು ಕಿಟಕಿಯಲ್ಲಿ ಇಣುಕಿದ. ಹರಿವಾಣ ನೋಡಿದ. “ಎಂತ ಮಾರಾಯ್ರೆ, ಮುಹೂರ್ತ ಇಲ್ಲಿಯೇ ಉಂಟಾ?” ಎಂದ.

ಮಾವ ಅವನ ಕಡೆ ನೋಡಲಿಲ್ಲ. ಕೊಡೆಯ ತುದಿಯನ್ನು ನೆಲಕ್ಕೆ ಊರಿ ಕೂತರು. ಮಾವ ಕೂತದ್ದೆಂದರೆ ಕೂತದ್ದೇ. ನಾನು ಗಾಡಿ ಹಿಂದೆ ತೆಗೆದರೆ ಅಲ್ಲಿಗೆ ಸಂಬಂಧ ಮುಗಿಯಿತು, ತೆಗೆಯದಿದ್ದರೆ ನಾವು ಫಳ್ನೀರಿನಲ್ಲೇ ಮುಗಿಯುತ್ತೇವೆ. ಅಕ್ಕ ಬಾಯಿ ತೆರೆದಳು.

“ಮಾವ, ಒಳ್ಳೆ ಕೆಲಸ ಯಾರದ್ದು?”

“ನಿನ್ನದು.”

“ಮಾತಾಡುದು ಯಾರು?”

“ನಾನು. ಮತ್ತೆ ಯಾರು?”

“ಹಾಗಾದ್ರೆ ನಾವಿಬ್ರು ಇಳಿದು ಮುಂದೆ ನಡೆಯುವ. ಹರಿವಾಣವೂ ನಮ್ಮೊಟ್ಟಿಗೆ ಬರ್ತದೆ. ಹಿಂದೆ ಹೋಗುದು ಇವ ಒಬ್ಬ. ಇವನಿಗೆ ಮದುವೆ ಆಗಿದೆಯಲ್ಲ.”

ಮಾವ ಈ ಮಾತಿನಲ್ಲಿ ಎಲ್ಲಾದರೂ ತೂತಿದೆಯೋ ಎಂದು ಸಾಕಷ್ಟು ಹೊತ್ತು ಹುಡುಕಿದರು. ಕೊನೆಗೆ ಇಳಿದರು. ರೇಷ್ಮೆ ಸೀರೆಯ ಅಕ್ಕ ಹರಿವಾಣ ಹಿಡಿದು ಮುಂದೆ, ಕೊಡೆ ಬಿಡಿಸಿದ ಮಾವ ಪಕ್ಕದಲ್ಲಿ, ಇಬ್ಬರೂ ಹಿಂದೆ ತಿರುಗಿ ನೋಡದೆ ಏರು ಹತ್ತಿದರು. ನಡೆದದ್ದು ನಾಲ್ಕು ಅಂಗಡಿಯಷ್ಟು ದೂರ. ಮಾವನ ಮುಖದಲ್ಲಿ ಘಟ್ಟ ಹತ್ತಿದ ಭಾವ ಇತ್ತು. ಡಾಕ್ಟರ ಶಾಪಿನಿಂದ ಮದ್ದಿನ ಬಾಟಲಿ ಹಿಡಿದು ಹೊರಬಂದವರು ಯಾವುದೋ ಮೆರವಣಿಗೆಯೆಂದು ಬದಿಗೆ ಸರಿದು ನಿಂತರು. ಕಂಡಕ್ಟರು ಮೊದಲು ತನ್ನ ಬಸ್ಸನ್ನು ಹಿಂದೆ ಕಳಿಸಿ, ನನ್ನ ಗಾಡಿಯ ತಗಡಿಗೆ ಬಡಿಯುತ್ತ “ಬರ್ಲಿ, ಬರ್ಲಿ” ಎಂದ. ಮದುವೆಯಾದವನು ಒಬ್ಬನೇ ಹಿಂದೆ ಹೋದೆ. ಟಕ್ಕೆಂದು ಲಿವರು ಬಿಟ್ಟಿತು.

ಮತ್ತೆ ಇಬ್ಬರನ್ನೂ ಹತ್ತಿಸಿಕೊಂಡು ಕಂಕನಾಡಿ ದಾಟಿ ಗುಡ್ಡೆಯ ಬುಡಕ್ಕೆ ಬಂದೆವು. ದಾರಿ ಎಂದು ಅವರು ಕರೆಯುತ್ತಿದ್ದದ್ದು ಕೆಂಪು ಪಾಯಸದಂತೆ ಹರಿಯುತ್ತಿತ್ತು. ಗಾಡಿ ನಿಲ್ಲಿಸಿ ಲಿವರು ಎಳೆದೆ. ಬೀಳಲಿಲ್ಲ. ಇನ್ನೊಮ್ಮೆ ಎಳೆದೆ. ಕರಕರ ಎಂದಿತು, ಬೀಳಲಿಲ್ಲ. ಹೆದರಿದಂತೆಯೇ ಆಯಿತೆಂಬ ಒಂದು ಬಗೆಯ ಸಮಾಧಾನವೂ ಆಯಿತು.

“ಈಗ ಎಂತ?” ಎಂದರು ಮಾವ.

“ಒಳಗೆ ಹಲ್ಲಿಗೆ ಹಲ್ಲು ಕೂರ್ಬೇಕು ಮಾವ. ಚಕ್ರ ಒಂಚೂರು ಉರುಳುವಾಗ ಎಳೀಬೇಕು.”

“ಮುಂದಕ್ಕಲ್ವಾ ಉರುಳುದು?”

“ಮುಂದಕ್ಕೇ.”

“ಆಗ್ಬಹುದು.”

ನನ್ನ ಎರಡು ಕೈ ಎರಡು ಕಾಲು ಬೇರೆ ಕೆಲಸದಲ್ಲಿದ್ದವು. ಅಕ್ಕ ಹರಿವಾಣವನ್ನು ಮಾವನ ಮಡಿಲಿಗೆ ದಾಟಿಸಿ, ಸೀರೆಯ ನೆರಿಗೆಯನ್ನು ಒತ್ತಟ್ಟಿಗೆ ಸರಿಸಿ, ಗ್ರೀಸು ಮೆತ್ತಿದ್ದ ಆ ಗಿಡ್ಡ ಲಿವರನ್ನು ಎರಡು ಕೈಯಲ್ಲೂ ಹಿಡಿದಳು. ನಾನು ಕ್ಲಚ್ಚು ತುಸು ಬಿಟ್ಟು ಒತ್ತಿದೆ. ಗಾಡಿ ಒಂದು ಗೇಣು ಜರುಗಿತು. ಅವಳು ಎಳೆದಳು. ಕಟ್ಟೆಂದಿತು.

ಮುಂದಿನ ಚಕ್ರಗಳು ಮಣ್ಣನ್ನು ಕಚ್ಚಿದ್ದು ಸ್ಟೇರಿಂಗಿನಲ್ಲೇ ಗೊತ್ತಾಯಿತು. ಜಾರುತ್ತ, ಕೂಗುತ್ತ, ಬೇಲಿಗೆ ಒಮ್ಮೆ ಮುಖ ತೋರಿಸಿ ಬರುತ್ತ ಮೇಲೆ ಮುಟ್ಟಿದೆವು. ಹೇಳಿದ ಹೊತ್ತು ಮೀರಿ ಹೋಗಿತ್ತು.

ಹುಡುಗನ ತಾಯಿ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿದ್ದರು. ಅಕ್ಕನನ್ನು ಹತ್ತಿರ ಕೂರಿಸಿಕೊಂಡರು.

“ಕೈಗೆ ಎಂತ ಆದದ್ದು ಮಗಾ?”

“ಗ್ರೀಸು.”

“ಗಾಡಿ ಬಿಡ್ಲಿಕ್ಕೆ ಬರ್ತದಾ ನಿನಗೆ?”

“ಇಲ್ಲ. ಎಳೀಲಿಕ್ಕೆ ಮಾತ್ರ.”

ಹುಡುಗ ಒಳಗಿನಿಂದ ಒಂದು ಹಳೆ ಬಟ್ಟೆ ತಂದು ಅಕ್ಕನಿಗೆ ಕೊಟ್ಟು, ನೆಲ ನೋಡುತ್ತ ನಿಂತ. ನೀರುದೋಸೆ ಬಂತು, ಕಾಫಿ ಬಂತು. ಎಲ್ಲರೂ ಮಾವನ ಬಾಯಿ ಕಾಯುತ್ತಿದ್ದೆವು. ಅವರು ರಸ್ತೆಯ ಬಗ್ಗೆ ಮಾತಾಡಿದರು. ಚರಂಡಿ ಇಲ್ಲದ್ದು, ಕಲ್ಲು ಹಾಕಿಸದೆ ಬಿಟ್ಟದ್ದು, ಬೇಲಿ ಒತ್ತಿ ಬಂದದ್ದು. ಹುಡುಗನ ಬಗ್ಗೆ ಒಂದು ಅಕ್ಷರ ಇಲ್ಲ. ಲೋಟ ಕೆಳಗಿಟ್ಟರು. ಹೊತ್ತು ಮೀರಿ ಬಂದದ್ದು ಅಪಶಕುನವೆಂದು ಕಂಡಿತೋ, ಫಳ್ನೀರಿನಲ್ಲಿ ನಾನು ಹಿಂದೆ ಹೋದದ್ದು ಕೊನೆಗೂ ಲೆಕ್ಕಕ್ಕೆ ಬಂತೋ ಎಂದು ನಾನು ಅಂಗಳದಲ್ಲಿ ನಿಂತ ಗಾಡಿಯ ಕಡೆ ನೋಡಿದೆ. ಅಕ್ಕ ಒರೆಸಿದ ಬೆರಳನ್ನೇ ಒರೆಸುತ್ತಿದ್ದಳು.

“ಮಳೆಗಾಲದಲ್ಲಿ ಮಾತ್ರ ಆಗ್ಲಿಕ್ಕಿಲ್ಲ” ಎಂದರು ಮಾವ. “ದಿಬ್ಬಣದ ಬಸ್ಸು ಈ ಗುಡ್ಡೆ ಹತ್ತುದಿಲ್ಲ. ಮಣ್ಣು ಒಣಗ್ಬೇಕು.”

ಅಕ್ಕನ ಕೈ ನಿಂತಿತು. ತಾಯಿ ಮಂಚದಿಂದ ಸ್ವಲ್ಪ ಮೇಲೆದ್ದು, “ಡಿಸೆಂಬರಿಗೆ ಒಣಗ್ತದೆ” ಎಂದರು.

ಹುಡುಗ ಮೊದಲ ಬಾರಿಗೆ ತಲೆ ಎತ್ತಿದ.

“ನವೆಂಬರಿಗೇ ಒಣಗ್ತದೆ ಅಮ್ಮ” ಎಂದ. “ಬೇಕಾದ್ರೆ ನಾನು ಕಲ್ಲು ಹಾಕಿಸ್ತೇನೆ.”