ಸುಮಾ ಕೂಡಲೇ ಹೋಗಲಿಲ್ಲ

ಆ ವರ್ಷ ನಮ್ಮ ಮನೆಯಲ್ಲಿ ಹಬ್ಬವಿರಲಿಲ್ಲ. ಪಕ್ಕದ ಮನೆಯವರು ತುಳಸಿ ಗಿಡಕ್ಕೆ ಮಾಡುವ ಲಗ್ನಕ್ಕೆ ಹೋಗಿ ಅಂಗಳದ ಮೂಲೆಯಲ್ಲಿ ನಿಂತಿದ್ದೆ. ಆ ಮನೆಯವಳು ಫೋಟೋ ತೆಗೆಯಲೆಂದು ಮೊಬೈಲ್ ಎತ್ತಿದಳು.

ನಾನು ಅವಳ ಕೈಗೆ ಹೊಡೆದೆ.

ಮೊಬೈಲ್ ಕಲ್ಲಿಗೆ ಬಿದ್ದು ಒಡೆಯಿತು. ನನ್ನ ಕಿವಿಯಲ್ಲಿ ಲಾರಿಯ ಹಾರ್ನ್. "ಇವ್ಳಿಗೆ ಮೈಮೇಲೆ ಬಂದದೆ" ಎಂದಳು ಅವಳು. ಬಂದದ್ದು ದೇವರಲ್ಲ ಎಂದು ನನಗೆ ಗೊತ್ತಿತ್ತು.

ನವರಾತ್ರಿಗೆ ಸ್ವಲ್ಪ ಮೊದಲು ನನ್ನನ್ನು ವೈನಿ ಎಂದು ಕರೆಯುತ್ತಿದ್ದ ನಾದಿನಿ ಸುಮಾ ತೀರಿಕೊಂಡಿದ್ದಳು. ಅಂಕೋಲೆಯ ನನ್ನ ತವರಿನಿಂದ ನಮ್ಮೂರು ತೋಡೂರಿಗೆ ಇಬ್ಬರೂ ಸ್ಕೂಟರಿನಲ್ಲಿ ಬರುತ್ತಿದ್ದೆವು. ಅವಳೇ ಓಡಿಸುತ್ತಿದ್ದಳು. ಅವರ್ಸಾ ದಾಟಿದ ಮೇಲೆ ಒಂದು ಲಾರಿ ನಮ್ಮನ್ನು ತಾಗಿಸಿಕೊಂಡು ಹೋಯಿತು. ನಿಲ್ಲಲಿಲ್ಲ. ನನಗೆ ಮೊಣಕೈ ತರಚಿತು, ಅಷ್ಟೇ.

ಆಸ್ಪತ್ರೆಯಲ್ಲಿ ನನ್ನ ಯಜಮಾನರು ನನ್ನನ್ನು ಗೋಡೆಯ ಬದಿಗೆ ಕರೆದರು. "ಆಯಿಗೆ ಕೂಡ್ಲೇ ಹೋದ್ಲು ಅಂತ ಹೇಳು. ನೋವೇ ಆಗ್ಲಿಲ್ಲ ಅಂತ. ಬೇರೆ ಮಾತು ಯಾರಿಗೂ ಹೇಳೂದಿಲ್ಲ ಅಂತ ದೇವಿ ಮೇಲೆ ಆಣೆ ಮಾಡು." ಆಯಿ ಎಂದರೆ ನನ್ನ ಅತ್ತೆ, ಸುಮಾಳನ್ನು ಹೆತ್ತವರು. ನಾನು ಆಣೆ ಮಾಡಿದೆ.

ಸುಮಾ ಕೂಡಲೇ ಹೋಗಿರಲಿಲ್ಲ.

ಕಾರವಾರದ ಡಾಕ್ಟರು ನನ್ನ ಕಾಯಿಲೆಗೆ ಪಿಟಿಎಸ್‌ಡಿ, ಅಂದರೆ ಆಘಾತದ ನೆನಪು ಬಿಡದೆ ಕಾಡುವುದು, ಎಂದರು. ನಿದ್ದೆಗೆ ಮಾತ್ರೆ ಕೊಟ್ಟರು, ಆದರೆ ಗುಣವಾಗುವುದು ಟಾಕ್ ಥೆರಪಿಯಿಂದ ಎಂದು ಕೌನ್ಸೆಲರ್ ಮೇಡಂ ಬಳಿ ಕಳಿಸಿದರು. ಮಾತಾಡಿ ಗುಣವಾಗುವ ಹಾಗಿದ್ದರೆ ನಮ್ಮ ಕೇರಿಯ ಹೆಂಗಸರಿಗೆ ಕಾಯಿಲೆಯೇ ಬರಬಾರದಿತ್ತು. ಆ ಮೇಡಂ ನನಗಿಂತ ಬಹಳ ಚಿಕ್ಕವಳು. ಅವಳ ಮೆಲುದನಿ ಕೇಳಿದರೇ ನನಗೆ ಮೈ ಉರಿಯುತ್ತಿತ್ತು.

"ಕಣ್ಣು ಮುಚ್ಚಿ, ಈಗಲೇ ನಡೀತಾ ಇದೆ ಅನ್ನೋ ಹಾಗೆ ಹೇಳಿ. ಮತ್ತೆ ಮತ್ತೆ ಹೇಳಿದ್ರೆ ಆ ನೆನಪಿನ ಹೆದರಿಕೆ ಇಳಿಯುತ್ತೆ" ಎಂದಳು.

ಮೊದಮೊದಲು ನನ್ನ ಪರವಾಗಿ ಯಜಮಾನರೇ ಉತ್ತರ ಕೊಟ್ಟರು. ಅವಳು ಅವರನ್ನು ಹೊರಗೆ ಕೂರಿಸಿದಳು. ಆಮೇಲೂ ನಾನು ಆಣೆಗೆ ಹೆದರಿ ಮನೆಯವರ ಮಾತನ್ನೇ ಒಪ್ಪಿಸಿದೆ: ಲಾರಿ ತಾಗಿತು, ಬಿದ್ದೆವು, ಸುಮಾ ಹೋದಳು.

"ಪ್ರತಿ ಸಲ ಬಿದ್ದಲ್ಲಿಗೇ ನಿಲ್ಲಿಸ್ತೀರಿ. ಅಲ್ಲಿಂದ ಮುಂದಿನದನ್ನ ಹೇಳದಿದ್ರೆ ಈ ಚಿಕಿತ್ಸೆ ನಿಮಗೆ ಉಪಯೋಗಕ್ಕೆ ಬರೋದಿಲ್ಲ" ಎಂದಳು ಮೇಡಂ.

"ಮುಂದಿಂದು ನಿಮಗ್ಯಾಕೆ? ನೋಡೂಕೆ ಬಂದವ್ರು ಅವತ್ತೇ ಬೇಕಾದಷ್ಟು ಜನ ಇದ್ರು" ಎಂದು ಎದ್ದು ಬಂದೆ.

ರಸ್ತೆಗೆ ಕಾಲಿಡಲು ಆಗುತ್ತಿರಲಿಲ್ಲ. ಮಾತ್ರೆ ನುಂಗಿದರೂ ಬೆಚ್ಚಿ ಏಳುತ್ತಿದ್ದೆ. ಮನೆಗೆ ಬಂದವರ ಮೇಲೆ ಹರಿಹಾಯುತ್ತಿದ್ದೆ. "ಆ ಹುಡುಗಿ ಹತ್ರ ಹೋಗೂದು ಸಾಕು, ದೇವಿ ಮುಂದೆ ಗಾರಾಣೆ ಹಾಕ್ಸುವ" ಎಂದರು ಯಜಮಾನರು. ಭಕ್ತರ ಕಷ್ಟವನ್ನು ಅವರ ಪರವಾಗಿ ದೇವರ ಮುಂದೆ ಗಟ್ಟಿಯಾಗಿ ಹೇಳಿ ಬೇಡಿಕೊಳ್ಳುವುದೇ ಗಾರಾಣೆ. ನಮ್ಮ ದೇವಸ್ಥಾನದಲ್ಲಿ ಅದನ್ನು ಹೇಳುವವರು ಪೂಜೆ ಮಾಡುವ ಗುನಗರು. ಏನು ಹೇಳಬೇಕೆಂದು ಯಜಮಾನರು ಅವರಿಗೆ ಮೊದಲೇ ತಿಳಿಸಿದ್ದರು. ಆಯಿಯೂ ಬಂದು ನನ್ನ ಪಕ್ಕದಲ್ಲಿ ನಿಂತರು.

ಗುನಗರು ಕಾಯಿ ಹಿಡಿದು ಶುರುಮಾಡಿದರು. "ತಾಯೇ, ನಿನ್ನ ಮಗಳು ಸುಮಾ ಪೆಟ್ಟು ಬಿದ್ದ ಕೂಡ್ಲೇ, ನೋವಿಲ್ದೆ ನಿನ್ನ ಪಾದ ಸೇರಿದ್ಲು. ಅದನ್ನ ನೋಡಿ ಹೆದ್ರಿದ ಈ ಸೊಸೆಯ..."

"ಇಲ್ಲ" ಎಂದೆ.

ಆಣೆ ಮುರಿಯುವುದು ಪಾಪವೇ. ಆದರೆ ಯಾರ ಮೇಲೆ ಆಣೆ ಮಾಡಿದ್ದೆನೋ ಅವಳ ಮುಂದೆಯೇ ಸುಳ್ಳು ಹೇಳಿಸಿ, ಅದರ ಮೇಲೆ ಕಾಯಿ ಒಡೆದು, ನನ್ನನ್ನು ಗುಣಮಾಡು ಎಂದು ಕೇಳಿದರೆ ಅವಳು ಯಾಕೆ ಮಾಡುತ್ತಾಳೆ? ನಾನು ದೇವಿಯ ಮುಖ ನೋಡಿಕೊಂಡೇ ಹೇಳಿದೆ. ಸುಮಾಳ ತಲೆ ನನ್ನ ತೊಡೆಯ ಮೇಲಿತ್ತು. ನೀರು ಕೇಳಿದಳು. "ವೈನಿ, ಬಿಸ್ಲು" ಎಂದಳು. ಅವಳ ಮುಖಕ್ಕೆ ನೆರಳಾಗಲೆಂದು ಸೆರಗು ಹಿಡಿದೆ. ಸುತ್ತ ಜನ ಮೊಬೈಲ್ ಎತ್ತಿ ನಿಂತಿದ್ದರು. ನೀರು ಕೊಡಿ ಎಂದು ಕೂಗಿದೆ. ಒಬ್ಬ ನನಗೇ ಹೇಳಿದ, "ಅಕ್ಕಾ, ಸ್ವಲ್ಪ ಬದಿಗೆ ಸರೀರಿ, ಕಾಣೂದಿಲ್ಲ." ಆಂಬುಲೆನ್ಸ್ ಬರುವವರೆಗೂ ಅವಳಿಗೆ ಉಸಿರಿತ್ತು.

ಗುನಗರ ಕೈಯಲ್ಲಿ ಕಾಯಿ ಹಾಗೇ ಉಳಿಯಿತು.

"ಆಯಿ ಜೀವ ತೆಗ್ದೆ ನೀನು. ಆಣೆ ಮಾಡಿದ್ದೆಲ್ಲ ಎಲ್ಲಿ ಹೋಯ್ತು?" ಎಂದರು ಯಜಮಾನರು, ಮನೆಗೆ ಬಂದ ಮೇಲೆ.

"ದೇವಿಗೇ ಸುಳ್ಳು ಹೇಳ್ಸಿದ್ದು ಯಾರು?" ಎಂದೆ. ಮದುವೆಯಾದಂದಿನಿಂದ ಅವರಿಗೆ ಅಂಥ ಮಾತು ಆಡಿರಲಿಲ್ಲ.

ಆಯಿ ನನ್ನ ಜೊತೆ ಮಾತು ಬಿಟ್ಟರು. ನಾನು ಬಡಿಸಿದರೆ ತಟ್ಟೆ ಬಿಟ್ಟು ಏಳುತ್ತಿದ್ದರು. ಅವರ ನೋವು ನನಗೆ ಅರ್ಥವಾಗುತ್ತಿತ್ತು, ಆದರೂ ಸಿಟ್ಟು ಬರುತ್ತಿತ್ತು. ಅವರ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡವಳು ನಾನಲ್ಲವೇ? ಒಂದು ದಿನ ಹಿತ್ತಲಲ್ಲಿ ಮೀನು ಕೊಯ್ಯುತ್ತಿದ್ದಾಗ ಅವರೇ ಬಂದು ಮೆಟ್ಟಿಲ ಮೇಲೆ ಕೂತರು.

"ನೀರು ಕೇಳಿದ್ಲಾ?"

"ಕೇಳಿದ್ಲು ಆಯಿ."

"ಯಾರೂ ಕೊಡ್ಲಿಲ್ಲ?"

"ಇಲ್ಲ."

"ಅವ್ರ ಮನೆ ಹಾಳಾಗ್ಲಿ" ಎಂದರು. ಆಮೇಲೆ ಮತ್ತೊಂದು ಕೇಳಿದರು. "ನನ್ನ ಕರೆದ್ಲಾ?"

ಹೌದು ಎನ್ನಬಹುದಿತ್ತು. ಒಂದೇ ಶಬ್ದ. ಮುದುಕಿಗೆ ಸಮಾಧಾನವಾಗುತ್ತಿತ್ತು.

"ಇಲ್ಲ ಆಯಿ. ನನ್ನ ಮಾತ್ರ ಕರೆದ್ಲು."

ಆಯಿ ನನ್ನನ್ನೇ ನೋಡಿದರು. "ನೀನು ಹತ್ರ ಇದ್ಯಲ್ಲ. ಮತ್ತೆ ನನ್ನ ಎಂತಕ್ಕೆ ಕರೀತಾಳೆ."

ನಾನು ಮೀನಿನ ಕೈಯಲ್ಲೇ ಮುಖ ಮುಚ್ಚಿಕೊಂಡೆ. ಸುಮಾ ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು.

ಈಗ ಮತ್ತೆ ಮೇಡಂ ಬಳಿ ಹೋಗುತ್ತಿದ್ದೇನೆ. ಬಿದ್ದಲ್ಲಿಂದ ಮುಂದಿನದನ್ನೂ ಹೇಳುತ್ತೇನೆ. ಹೇಳುವಾಗ ಬೆವರುತ್ತೇನೆ, ಅವಳ ಮೆಲುದನಿ ಈಗಲೂ ಹಿಡಿಸುವುದಿಲ್ಲ. ಮೊಬೈಲ್ ಎತ್ತಿದವರನ್ನು ನಾನು ಕ್ಷಮಿಸಿಲ್ಲ. ಅವರನ್ನು ಕ್ಷಮಿಸಿಬಿಡಿ ಎಂದು ಮೇಡಂ ಇದುವರೆಗೂ ಹೇಳಿಲ್ಲ, ಅದೊಂದು ಉಪಕಾರ. ಬಸ್ಸಿನಲ್ಲಿ ಕಿಟಕಿಯಿಂದ ದೂರ ಕೂತರೆ ಕಾರವಾರದವರೆಗೆ ಹೋಗಿಬರಬಲ್ಲೆ, ಅದೂ ದೇವಿಯ ದಯೆ.

ಮನೆಗೆ ಬಂದರೆ ಆಯಿ ಕಾಯುತ್ತಿರುತ್ತಾರೆ. "ಇವತ್ತು ಎಲ್ಲೀವರೆಗೆ ಹೇಳ್ದೆ?" ಎಂದು ಕೇಳುತ್ತಾರೆ.

"ಆಂಬುಲೆನ್ಸ್ ಬರೋವರೆಗೆ."

"ಕೈಕಾಲು ತೊಳ್ಕೊ. ಊಟಕ್ಕೆ ಕೂರುವ" ಎನ್ನುತ್ತಾರೆ.